ಆರ್ ಭಾಷೆಗೊಂದು ಲ್ಯಾಪ್‌ಟಾಪ್: ಕೋರ್ ಎಣಿಸುವ ಮುನ್ನ ಮೆಮೊರಿ ಅಳೆಯಿರಿ

ಪ್ರಶ್ನೆ: ನಾನು ಧಾರವಾಡದಲ್ಲಿ ಸಸ್ಯತಳಿ ಅಭಿವೃದ್ಧಿ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹಿಂಗಾರಿ ಜೋಳದ 420 ತಳಿಗಳ, ತಲಾ 40 ಸಾವಿರ ಡಿಎನ್‌ಎ ಮಾರ್ಕರ್‌ಗಳ ದತ್ತಾಂಶವನ್ನು ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆಂದೇ ಇರುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಿಶ್ಲೇಷಿಸುತ್ತೇನೆ. ಮುಂದಿನ ವರ್ಷ ಬೇರೆ ಕೇಂದ್ರಗಳ ದತ್ತಾಂಶವೂ ಸೇರಿ ತಳಿಗಳ ಸಂಖ್ಯೆ 5,000 ಮುಟ್ಟಬಹುದು. ಈಗಿರುವುದು 8 ಜಿಬಿ ಮೆಮೊರಿಯ, ಎಂಟನೇ ಪೀಳಿಗೆಯ ಐ5 ಲ್ಯಾಪ್‌ಟಾಪ್. ಕ್ರಾಸ್ ವ್ಯಾಲಿಡೇಶನ್ ಅನ್ನು, ಅಂದರೆ ದತ್ತಾಂಶದ ಒಂದೊಂದು ಭಾಗವನ್ನು ಬದಿಗಿಟ್ಟು ಮಾದರಿಯನ್ನು ಮತ್ತೆ ಮತ್ತೆ ಪರೀಕ್ಷಿಸುವುದನ್ನು, ಪ್ರೊಸೆಸರಿನ ಎಂಟೂ ಕೋರ್‌ಗಳ ಮೇಲೆ ಓಡಿಸಿದರೆ ಇಡೀ ಯಂತ್ರ ಸ್ತಬ್ಧವಾಗುತ್ತದೆ. 70 ಸಾವಿರ ರೂಪಾಯಿಯೊಳಗೆ ಹೊಸದನ್ನು ಕೊಳ್ಳಬೇಕೆಂದಿದ್ದೇನೆ. ಹೆಚ್ಚು ಕೋರ್‌ಗಳಿರುವ ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಮ್ಯಾಕ್‌ಬುಕ್ ಏರ್ ಸಾಕು ಎನ್ನುತ್ತಾಳೆ ಗೆಳತಿ. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಬೆಲೆಬಾಳುವ ಮಾಹಿತಿ ಎಂದರೆ ಯಂತ್ರ ಯಾವಾಗ ಸ್ತಬ್ಧವಾಗುತ್ತದೆ ಎಂಬುದನ್ನು ನೀವು ತಿಳಿಸಿರುವುದು. ಆ ಒಂದು ವಾಕ್ಯದಿಂದಲೇ ರೋಗ ಯಾವುದೆಂದು ಬಹುಮಟ್ಟಿಗೆ ಹೇಳಬಹುದು, ಮತ್ತು ಆ ರೋಗಕ್ಕೆ ಹೆಚ್ಚು ಕೋರ್‌ಗಳು ಮದ್ದಲ್ಲ. ಆದ್ದರಿಂದ ಯಾವ ಮಾದರಿ ಎಂಬ ಮಾತಿಗೆ ಬರುವ ಮೊದಲು ಆರ್ ಭಾಷೆ ಯಂತ್ರದಿಂದ ಏನನ್ನು ಕೇಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆರ್ ಭಾಷೆಯನ್ನು 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದರು. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಎಸ್ ಎಂಬ ಹಳೆಯ ಸಂಖ್ಯಾಶಾಸ್ತ್ರೀಯ ಭಾಷೆಯ ನುಡಿಗಟ್ಟನ್ನು ಅವರು ಎರವಲು ಪಡೆದರೂ ಒಂದು ಮುಖ್ಯ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಎಸ್ ಭಾಷೆ ತನ್ನ ದತ್ತಾಂಶವನ್ನು ಡಿಸ್ಕಿನ ಕಡತಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಆರ್ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ನೀವು ಓದಿಸಿದ ಕಡತ, ಅದರಿಂದ ಪಡೆದ ಮಾತೃಕೆ (ಸಂಖ್ಯೆಗಳ ಚೌಕಟ್ಟು, ಮ್ಯಾಟ್ರಿಕ್ಸ್), ಮಾದರಿಯ ಫಲಿತಾಂಶ ಎಲ್ಲವೂ ಏಕಕಾಲಕ್ಕೆ ರ‍್ಯಾಮ್‌ನಲ್ಲೇ ಇರಬೇಕು. ಇದರ ಜೊತೆಗೆ, ಎರಡು ಹೆಸರುಗಳು ಒಂದೇ ವಸ್ತುವನ್ನು ಸೂಚಿಸುತ್ತಿರುವಾಗ ಒಂದನ್ನು ಬದಲಿಸಿದರೆ ಆರ್ ಆ ವಸ್ತುವಿನ ಪೂರ್ಣ ಪ್ರತಿಯನ್ನೇ ಮಾಡಿಕೊಳ್ಳುತ್ತದೆ. ಬಳಕೆದಾರರಿಗೆ ಇದು ಸುರಕ್ಷಿತವಾದ ನಡವಳಿಕೆಯೇ ಹೌದು, ಆದರೆ ಮೆಮೊರಿಗೆ ಮಾತ್ರ ಅದು ದುಬಾರಿ.

ಈಗ ನಿಮ್ಮ ಲೆಕ್ಕವನ್ನೇ ಮಾಡೋಣ. ಆರ್‌ನಲ್ಲಿ ಒಂದು ದಶಮಾಂಶ ಸಂಖ್ಯೆಗೆ 8 ಬೈಟ್ ಬೇಕು. 420 ತಳಿಗಳನ್ನು 40 ಸಾವಿರ ಮಾರ್ಕರ್‌ಗಳಿಂದ ಗುಣಿಸಿದರೆ 1 ಕೋಟಿ 68 ಲಕ್ಷ ಸಂಖ್ಯೆಗಳು, ಅಂದರೆ ಸುಮಾರು 134 ಎಂಬಿ. ಇದು 8 ಜಿಬಿ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲದ ಗಾತ್ರ. ಆದರೂ ಯಂತ್ರ ನಿಲ್ಲುತ್ತದೆ ಎಂದರೆ ಕಾರಣ ಕ್ರಾಸ್ ವ್ಯಾಲಿಡೇಶನ್ ನಡೆಯುವ ಬಗೆಯಲ್ಲಿದೆ. ವಿಂಡೋಸ್‌ನಲ್ಲಿ ಸಮಾನಾಂತರವಾಗಿ ಕೆಲಸ ಹಂಚಿದಾಗ ಆರ್ ಪ್ರತಿಯೊಂದು ಕೋರ್‌ಗೂ ಹೊಸದಾದ, ಸ್ವತಂತ್ರವಾದ ಆರ್ ಪ್ರಕ್ರಿಯೆಯನ್ನು ಎಬ್ಬಿಸುತ್ತದೆ. ಪ್ರತಿಯೊಂದು ಪ್ರಕ್ರಿಯೆಯೂ ಪ್ಯಾಕೇಜುಗಳನ್ನು ತಾನೇ ಹೊಸದಾಗಿ ತುಂಬಿಕೊಂಡು, ದತ್ತಾಂಶದ ತನ್ನದೇ ಪ್ರತಿಯನ್ನು ಪಡೆದು, ಲೆಕ್ಕದ ನಡುವೆ ಹುಟ್ಟುವ ಪ್ರತಿಗಳನ್ನೂ ತಾನೇ ಹೊರುತ್ತದೆ. ಒಂದೊಂದು ಪ್ರಕ್ರಿಯೆಗೆ 600 ಎಂಬಿ ಎಂದು ಹಿಡಿದರೂ ಎಂಟಕ್ಕೆ 4.8 ಜಿಬಿ ಆಯಿತು. ವಿಂಡೋಸ್, ಬ್ರೌಸರ್ ಮತ್ತು ಆರ್ ಬರೆಯಲು ಬಳಸುವ ಆರ್‌ಸ್ಟುಡಿಯೋ ತಂತ್ರಾಂಶ ಸೇರಿ ಮೂರರಿಂದ ನಾಲ್ಕು ಜಿಬಿ ಆಗಲೇ ಹಿಡಿದಿರುತ್ತವೆ. ಅಲ್ಲಿಂದ ಮುಂದೆ ಯಂತ್ರ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಬರೆಯುವುದು, ಮತ್ತೆ ಓದುವುದು, ಮತ್ತೆ ಬರೆಯುವುದು ಇದರಲ್ಲೇ ಮುಳುಗಿಹೋಗುತ್ತದೆ. ನೀವು ಕಾಣುತ್ತಿರುವ ಸ್ತಬ್ಧತೆ ಅದೇ.

ಇನ್ನೊಂದು ಸಂಗತಿಯೂ ಇದೆ. ನಿಮ್ಮ ಐ5 ಸಾಮಾನ್ಯ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬರುವ ಬಗೆಯದಾಗಿದ್ದರೆ ಅದರಲ್ಲಿರುವುದು ಎಂಟು ಕೋರ್‌ಗಳಲ್ಲ, ನಾಲ್ಕೇ. ಒಂದೊಂದು ಕೋರ್ ಎರಡೆರಡು ಥ್ರೆಡ್‌ಗಳಾಗಿ ಕಾಣಿಸಿಕೊಳ್ಳುತ್ತದೆ, ಮತ್ತು ಆರ್‌ನ ಡಿಟೆಕ್ಟ್‌ಕೋರ್ಸ್ ಎಂಬ ಆಜ್ಞೆ ಥ್ರೆಡ್‌ಗಳನ್ನೇ ಎಣಿಸಿ ಎಂಟು ಎಂದು ಹೇಳುತ್ತದೆ. ಎಂಟು ಪ್ರಕ್ರಿಯೆಗಳನ್ನು ಎಬ್ಬಿಸುವುದರಿಂದ ಮೆಮೊರಿಯ ಖರ್ಚು ದುಪ್ಪಟ್ಟಾಗುತ್ತದೆ, ವೇಗವಂತೂ ದುಪ್ಪಟ್ಟಾಗುವುದಿಲ್ಲ. ಇವತ್ತೇ ಅದನ್ನು ಮೂರಕ್ಕೆ ಇಳಿಸಿ ನೋಡಿ. ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು.

ಮುಂದಿನ ವರ್ಷದ ಲೆಕ್ಕ ಬೇರೆಯೇ ಇದೆ. 5,000 ತಳಿಗಳಾದರೆ ಮಾರ್ಕರ್ ಮಾತೃಕೆ ಒಂದೇ 1.6 ಜಿಬಿ ಆಗುತ್ತದೆ. ಪ್ರತಿ ಮಾರ್ಕರ್‌ನಿಂದ ಸರಾಸರಿಯನ್ನು ಕಳೆದು ಕೇಂದ್ರೀಕರಿಸುವಾಗ ಇನ್ನೊಂದು ಪ್ರತಿ, ಅಡ್ಡಸಾಲನ್ನು ಕಂಬಸಾಲಾಗಿ ತಿರುಗಿಸಿದರೆ ಮತ್ತೊಂದು ಪ್ರತಿ, ನಡುವೆ ತಾತ್ಕಾಲಿಕವಾಗಿ ಹುಟ್ಟಿ ಸಾಯುವುದೊಂದು: ಗರಿಷ್ಠ ಹೊತ್ತಿನಲ್ಲಿ 6.4 ಜಿಬಿ ಬೇಕಾಗುತ್ತದೆ. ತಳಿಗಳ ನಡುವಿನ ಸಂಬಂಧ ಮಾತೃಕೆ 5,000ಕ್ಕೆ 5,000, ಅಂದರೆ 200 ಎಂಬಿ. ಅದರ ವಿಲೋಮ (ಇನ್‌ವರ್ಸ್) ತೆಗೆಯುವಾಗ ಅದೂ ಎರಡು ಮೂರು ಪಟ್ಟಾಗುತ್ತದೆ. ಇಷ್ಟಾದ ಮೇಲೆ 16 ಜಿಬಿ ಯಂತ್ರದಲ್ಲಿ ಒಂದೇ ಪ್ರಕ್ರಿಯೆಯಾಗಿ ಈ ವಿಶ್ಲೇಷಣೆ ಸಲೀಸಾಗಿ ನಡೆಯುತ್ತದೆ, ಎರಡು ಮೂರು ಪ್ರಕ್ರಿಯೆಗಳಾಗಿ ನಡೆಸಲು 32 ಜಿಬಿ ಬೇಕು. ಹೀಗಾಗಿ ನಿಮಗೆ ನನ್ನ ಮೊದಲ ಹಾಗೂ ಕಟ್ಟುನಿಟ್ಟಾದ ಸಲಹೆ ಇದು: ಈಗ 16 ಜಿಬಿ ಇರಲಿ, ಮತ್ತು ಮುಂದೆ 32 ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಲು ಬರುವಂಥ ಸ್ಲಾಟ್ ಇರಲೇಬೇಕು.

ಈ ಸ್ಲಾಟಿನ ವಿಚಾರದಲ್ಲಿ ಕೊಳ್ಳುವವರು ಮೋಸಹೋಗುವುದು ಹೆಚ್ಚು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ಬೆಸೆದದ್ದೇ ಎಂದು ತಿಳಿದು ಮುಂದುವರಿಯುವುದು ಕ್ಷೇಮ. ಕೆಲವು ಮಾದರಿಗಳಲ್ಲಿ 8 ಜಿಬಿ ಬೆಸೆದಿದ್ದು ಒಂದು ಸ್ಲಾಟ್ ಮಾತ್ರ ತೆರೆದಿರುತ್ತದೆ. ಖಾಲಿ ಸ್ಲಾಟ್ ಇದೆ ಎಂಬ ಮಾರಾಟಗಾರನ ಮಾತನ್ನು ನಂಬಿ ನಾನೇ ಒಮ್ಮೆ ಯಂತ್ರವನ್ನು ಮನೆಗೆ ತಂದು, ಹಿಂಬದಿಯ ಹೊದಿಕೆ ತೆಗೆದಾಗ ಅಲ್ಲಿ ಸ್ಲಾಟ್ ಇರಬೇಕಾದ ಜಾಗದಲ್ಲಿ ಬರೀ ಗುರುತಷ್ಟೇ ಇದ್ದುದನ್ನು ಕಂಡಿದ್ದೇನೆ. ಅದಕ್ಕೆ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಒತ್ತಿ ನೋಡಿ. ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂಬುದು ಅಲ್ಲಿರುತ್ತದೆ. ಅದರ ಪಕ್ಕದಲ್ಲೇ ಫಾರ್ಮ್ ಫ್ಯಾಕ್ಟರ್ ಎಂಬ ಸಾಲಿನಲ್ಲಿ ಎಸ್‌ಓಡಿಐಎಂಎಂ ಎಂದಿದ್ದರೆ ಅದು ಬಿಚ್ಚಿ ಹಾಕಬಹುದಾದ ಮೆಮೊರಿ ಪಟ್ಟಿ. ರೋ ಆಫ್ ಚಿಪ್ಸ್ ಎಂದಿದ್ದರೆ ಅದು ಬೆಸುಗೆ. ಬೆಸುಗೆಯೇ ಆಗಿದ್ದು 32 ಜಿಬಿ ಇದ್ದರೆ ಅಡ್ಡಿಯಿಲ್ಲ, 16 ಇದ್ದರೆ ನಿಮ್ಮ ಪ್ರಬಂಧ ಮುಗಿಯುವ ಮೊದಲೇ ಅದು ಚಿಕ್ಕದಾಗಬಹುದು.

ಇನ್ನು ಪ್ರೊಸೆಸರ್. ಆರ್ ತನ್ನ ಮೂಲ ಸ್ವಭಾವದಲ್ಲಿ ಒಂದೇ ಕೋರ್ ಬಳಸುವ ಭಾಷೆ. ನೀವಾಗಿ ಹಂಚದಿದ್ದರೆ, ಅಥವಾ ಡೇಟಾ.ಟೇಬಲ್‌ನಂಥ ಪ್ಯಾಕೇಜು ಒಳಗೊಳಗೇ ಹಂಚಿಕೊಳ್ಳದಿದ್ದರೆ, ಹದಿನಾಲ್ಕು ಕೋರ್‌ಗಳಲ್ಲಿ ಹದಿಮೂರು ಸುಮ್ಮನೆ ಕುಳಿತಿರುತ್ತವೆ. ಕೆಲವು ಕೆಲಸಗಳನ್ನಂತೂ ಹಂಚಲು ಬರುವುದೇ ಇಲ್ಲ. ಜೀನೋಮಿಕ್ ಆಯ್ಕೆಗೆ, ಅಂದರೆ ಮಾರ್ಕರ್‌ಗಳಿಂದ ತಳಿಯ ಗುಣವನ್ನು ಅಂದಾಜಿಸಿ ಆರಿಸುವುದಕ್ಕೆ, ನೀವು ಬಯೇಸಿಯನ್ ಮಾದರಿಗಳನ್ನು ಬಳಸುತ್ತಿದ್ದರೆ, ಗಿಬ್ಸ್ ಸ್ಯಾಂಪ್ಲಿಂಗ್ ಎಂಬ ಅವುಗಳ ಲೆಕ್ಕವಿಧಾನದಲ್ಲಿ ಹಿಂದಿನ ಸುತ್ತಿನ ಉತ್ತರ ಬಾರದೆ ಮುಂದಿನ ಸುತ್ತು ಶುರುವಾಗುವಂತಿಲ್ಲ. ಅಲ್ಲಿ ಬೇಕಾಗುವುದು ಒಂದು ಕೋರ್‌ನ ವೇಗ, ಮತ್ತು ಆ ವೇಗವನ್ನು ಗಂಟೆಗಟ್ಟಲೆ ಉಳಿಸಿಕೊಳ್ಳಬಲ್ಲ ತಂಪು ವ್ಯವಸ್ಥೆ. ಇಂಟೆಲ್‌ನ ಹನ್ನೆರಡನೇ ಪೀಳಿಗೆಯಿಂದೀಚಿನ ಹಲವು ಪ್ರೊಸೆಸರ್‌ಗಳಲ್ಲಿ ವೇಗದ ಕೋರ್‌ಗಳು ಕೆಲವು, ಮಿತವ್ಯಯದ ನಿಧಾನದ ಕೋರ್‌ಗಳು ಕೆಲವು ಎಂದು ಎರಡು ಬಗೆ ಇವೆ. ಪಾರ್‌ಲಾಪ್ಲೈ ಎಂಬ ಆಜ್ಞೆ ಕೆಲಸವನ್ನು ಮೊದಲೇ ಸಮಪಾಲು ಮಾಡಿ ಹಂಚುವುದರಿಂದ ವೇಗದ ಕೋರ್‌ಗಳು ತಮ್ಮ ಪಾಲು ಮುಗಿಸಿ ನಿಧಾನದವುಗಳಿಗಾಗಿ ಕಾಯುತ್ತವೆ. ಅದರದೇ ಇನ್ನೊಂದು ರೂಪ, ಹೆಸರಿನ ಕೊನೆಯಲ್ಲಿ ಎಲ್‌ಬಿ ಎಂದಿರುವುದು, ಬಿಡುವಾದವರಿಗೆ ಮುಂದಿನ ತುತ್ತು ಕೊಡುತ್ತದೆ. ಅಂಥ ಪ್ರೊಸೆಸರ್ ಕೊಂಡರೆ ಅದನ್ನೇ ಬಳಸಿ. ಹೆಸರಿನ ಕೊನೆಯ ಅಕ್ಷರದ ಬಗ್ಗೆ ಹೇಳುವುದಾದರೆ, ಯು ಎಂದರೆ ಕಡಿಮೆ ವಿದ್ಯುತ್ತಿನದು, ಎಚ್ ಎಂದರೆ ಹೆಚ್ಚು ವಿದ್ಯುತ್ ಕುಡಿದು ಹೆಚ್ಚು ಹೊತ್ತು ಓಡುವುದು. ಎಎಂಡಿಯ ರೈಜನ್ 5 ಅಥವಾ 7, ಇಂಟೆಲ್‌ನ ಐ5 ವರ್ಗ, ಇವುಗಳಲ್ಲಿ ಇತ್ತೀಚಿನ ಎರಡು ಮೂರು ಪೀಳಿಗೆಗಳ ಎಚ್ ಬಗೆಯ ಯಾವುದಾದರೂ ನಿಮಗೆ ಸಾಕು. ಇಲ್ಲಿ ಹತ್ತು ಸಾವಿರ ಹೆಚ್ಚು ಕೊಟ್ಟು ಐ7ಗೆ ಏರುವ ಬದಲು ಆ ಹಣವನ್ನು ಮೆಮೊರಿಗೆ ಹಾಕಿ.

ಅದಕ್ಕಿಂತಲೂ ದೊಡ್ಡ ಲಾಭ ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಕಡೆಯಿದೆ, ಮತ್ತು ಲ್ಯಾಪ್‌ಟಾಪ್ ಕೊಳ್ಳುವ ಚರ್ಚೆಗಳಲ್ಲಿ ಅದರ ಹೆಸರೇ ಕೇಳಿಬರುವುದಿಲ್ಲ. ಮಾತೃಕೆಗಳ ಗುಣಾಕಾರವನ್ನು ಆರ್ ತಾನೇ ಮಾಡುವುದಿಲ್ಲ, ಬ್ಲಾಸ್ ಎಂಬ ಸಿದ್ಧ ಲೆಕ್ಕವಿಧಾನಗಳ ಕಟ್ಟಿಗೆ ಒಪ್ಪಿಸುತ್ತದೆ. ವಿಂಡೋಸ್‌ಗೆ ಬರುವ ಆರ್‌ನ ಜೊತೆಯಲ್ಲಿರುವುದು ನಿಖರವಾದರೂ ನಿಧಾನವಾದ, ಒಂದೇ ಕೋರ್ ಬಳಸುವ ಮೂಲ ಬ್ಲಾಸ್. ನಿಮ್ಮ 5,000 ತಳಿಗಳ ಸಂಬಂಧ ಮಾತೃಕೆಯನ್ನು ನೇರವಾಗಿ ಗುಣಿಸಿ ಕಟ್ಟಲು 5,000 ಗುಣಿಸು 5,000 ಗುಣಿಸು 40 ಸಾವಿರ, ಅಂದರೆ ಒಂದು ಲಕ್ಷ ಕೋಟಿ ಗುಣಾಕಾರಗಳು ಬೇಕು. ಮೂಲ ಬ್ಲಾಸ್‌ನಲ್ಲಿ ಅರ್ಧ ಗಂಟೆಯ ಆಸುಪಾಸು ಹಿಡಿಯುವ ಇಂಥ ಕೆಲಸ, ಓಪನ್‌ಬ್ಲಾಸ್ ಎಂಬ ಉಚಿತ ಪರ್ಯಾಯದಲ್ಲಿ ಎಲ್ಲ ಕೋರ್‌ಗಳನ್ನೂ ಬಳಸಿಕೊಂಡು ಒಂದೆರಡು ನಿಮಿಷಕ್ಕೆ ಇಳಿಯುವುದು ಅಪರೂಪವಲ್ಲ. ಯಾವ ಹೊಸ ಪ್ರೊಸೆಸರ್ ಕೂಡ ಹಳೆಯದಕ್ಕಿಂತ ಹತ್ತಾರು ಪಟ್ಟು ವೇಗ ಕೊಡುವುದಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಓಪನ್‌ಬ್ಲಾಸ್ ಪ್ಯಾಕೇಜನ್ನು ಹಾಕಿದರೆ ಸಾಕು, ಆರ್ ಅದನ್ನು ಬಳಸತೊಡಗುತ್ತದೆ. ವಿಂಡೋಸ್‌ನಲ್ಲಿ ಕಡತವನ್ನು ಕೈಯಾರೆ ಬದಲಿಸಬೇಕಾಗುತ್ತದೆ, ಅದು ತುಸು ನಾಜೂಕಿನ ಕೆಲಸ. ಅದಕ್ಕಿಂತ ವಿಂಡೋಸ್‌ನ ಒಳಗೇ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಮೂಲಕ ಉಬುಂಟುವನ್ನು ಹಾಕಿಕೊಂಡು ಭಾರದ ಲೆಕ್ಕಗಳನ್ನು ಅಲ್ಲಿ ನಡೆಸುವುದನ್ನು ನಾನು ಮೆಚ್ಚುತ್ತೇನೆ. ಅಲ್ಲಿ ಇನ್ನೊಂದು ಉಪಕಾರವೂ ಉಂಟು. ಲಿನಕ್ಸ್‌ನಲ್ಲಿ ಸಮಾನಾಂತರ ಪ್ರಕ್ರಿಯೆಗಳು ಮೂಲ ದತ್ತಾಂಶವನ್ನು ಹಂಚಿಕೊಳ್ಳಬಲ್ಲವು, ಯಾರಾದರೂ ಅದನ್ನು ಬದಲಿಸುವವರೆಗೆ ಪ್ರತಿ ಮಾಡಬೇಕಾಗಿಲ್ಲ. ನಿಮ್ಮ ಕ್ರಾಸ್ ವ್ಯಾಲಿಡೇಶನ್‌ಗೆ ಇದು ಹೇಳಿ ಮಾಡಿಸಿದಂತಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆರ್‌ನ ಹಲವು ಪ್ರಕ್ರಿಯೆಗಳೂ ಬ್ಲಾಸ್‌ನ ಹಲವು ಥ್ರೆಡ್‌ಗಳೂ ಒಟ್ಟಿಗೆ ಓಡಿದರೆ ಒಂದರ ಕಾಲನ್ನು ಇನ್ನೊಂದು ತುಳಿಯುತ್ತದೆ, ಆದ್ದರಿಂದ ಪ್ರಕ್ರಿಯೆಗಳನ್ನು ಹಂಚುವಾಗ ಬ್ಲಾಸ್ ಅನ್ನು ಒಂದು ಥ್ರೆಡ್‌ಗೆ ಕಟ್ಟಿಹಾಕಿ. ಡಬ್ಲ್ಯುಎಸ್‌ಎಲ್ ಸಾಮಾನ್ಯವಾಗಿ ಯಂತ್ರದ ಒಟ್ಟು ಮೆಮೊರಿಯ ಅರ್ಧವನ್ನಷ್ಟೇ ಬಳಸಲು ಬಿಡುತ್ತದೆ ಎಂಬುದೂ ನೆನಪಿರಲಿ. ಮಾತು ಮತ್ತೆ ಮೆಮೊರಿಗೇ ಬಂತು ನೋಡಿ.

ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಅಂಗಡಿಯವರ ಮಾತು ಪೂರ್ತಿ ತಪ್ಪಲ್ಲ, ಆದರೆ ಅವರು ಕೊಡುವ ಕಾರಣ ತಪ್ಪು. ಅದರ ಬೆಲೆಯ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ, ಮತ್ತು ನಿಮ್ಮ ಮಿಶ್ರ ಮಾದರಿಗಳಾಗಲಿ ಜೀನೋಮಿಕ್ ಆಯ್ಕೆಯ ಪ್ಯಾಕೇಜುಗಳಾಗಲಿ ಆ ಕಾರ್ಡನ್ನು ಮುಟ್ಟುವುದೂ ಇಲ್ಲ. ಟಾರ್ಚ್‌ನಂಥ ಆಳ ಕಲಿಕೆಯ ಪ್ಯಾಕೇಜು ಬಳಸುವವರಿಗೆ ಎನ್‌ವಿಡಿಯಾ ಕಾರ್ಡಿನಿಂದ ಉಪಯೋಗವಿದೆ. ನೀವು ಆ ದಾರಿಯಲ್ಲಿರುವಂತೆ ತೋರುವುದಿಲ್ಲ. ಆದರೆ ಈ ಬಗೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಮೆಮೊರಿಗೆ ಎರಡು ಸ್ಲಾಟ್‌ಗಳೂ ಗಟ್ಟಿಮುಟ್ಟಾದ ಫ್ಯಾನುಗಳೂ ಇರುತ್ತವೆ, ಅವೆರಡೂ ನಿಮಗೆ ನಿಜವಾಗಿ ಬೇಕಾದವೇ. ಕಾರ್ಡು ಕನಿಷ್ಠ ಮಟ್ಟದ್ದಿರುವ ಮಾದರಿ ಒಳ್ಳೆಯ ಬೆಲೆಗೆ ಸಿಕ್ಕರೆ, ಎರಡು ಕಿಲೋ ಮೀರಿದ ತೂಕ ಮತ್ತು ಬೇಗ ಬರಿದಾಗುವ ಬ್ಯಾಟರಿಯನ್ನು ನೀವು ಸಹಿಸುವುದಾದರೆ, ಕೊಳ್ಳಬಹುದು. ಜೋಳದ ಹೊಲಕ್ಕೂ ವಿಭಾಗಕ್ಕೂ ಬಸ್ಸಿನಲ್ಲಿ ಓಡಾಡುವವರ ಹೆಗಲು ಏನು ಹೇಳುತ್ತದೆಯೋ ಅದನ್ನು ಅಂಗಡಿಯವರು ಕೇಳಿರಲಿಕ್ಕಿಲ್ಲ.

ಮ್ಯಾಕ್‌ಬುಕ್ ಏರ್ ಕುರಿತು ನಿಮ್ಮ ಗೆಳತಿಯ ಅನುಭವ ಸುಳ್ಳಲ್ಲ. 2021ರ ಮೇ ತಿಂಗಳಲ್ಲಿ ಬಂದ ಆರ್ 4.1.0 ಆವೃತ್ತಿಯಿಂದ ಆಪಲ್‌ನ ಸ್ವಂತ ಚಿಪ್‌ಗಳಿಗೆ ಆರ್ ನೇರವಾಗಿ ಸಿಗುತ್ತಿದೆ. ಒಂದು ಕೋರ್‌ನ ವೇಗ ಅದರಲ್ಲಿ ಬಹಳ ಚೆನ್ನಾಗಿದೆ, ಆಪಲ್‌ನದೇ ವೇಗದ ಬ್ಲಾಸ್‌ಗೆ ಬದಲಾಯಿಸಿಕೊಳ್ಳುವುದೂ ಸುಲಭ. ಆದರೆ ಮೆಮೊರಿಯನ್ನು ಕೊಂಡ ಮೇಲೆ ಏರಿಸಲು ಯಾವ ದಾರಿಯೂ ಇಲ್ಲ. 2024ರ ಅಕ್ಟೋಬರ್‌ನಿಂದ ಏರ್ 16 ಜಿಬಿಯಿಂದ ಶುರುವಾಗುತ್ತದೆ. ರಿಯಾಯಿತಿಯಲ್ಲಿ ನಿಮ್ಮ ಬಜೆಟ್ಟಿಗೆ ಇಳಿದು ಬರುವ ಹಳೆಯ 8 ಜಿಬಿ ಮಾದರಿಯನ್ನು ಎಷ್ಟೇ ಅಗ್ಗವೆಂದರೂ ಕೊಳ್ಳಬೇಡಿ. ಹೊಸದಾಗಲಿ ಹಳೆಯದಾಗಲಿ ಏರ್‌ನಲ್ಲಿ ಫ್ಯಾನ್ ಇಲ್ಲ, ಆದ್ದರಿಂದ ಹತ್ತು ನಿಮಿಷದ ಕೆಲಸಕ್ಕೆ ತೋರುವ ವೇಗವನ್ನು ಮೂರು ಗಂಟೆಯ ಕೆಲಸದಲ್ಲಿ ನಿರೀಕ್ಷಿಸುವಂತಿಲ್ಲ. ನಿಮ್ಮ ವಿಭಾಗದಲ್ಲಿ ವಿಂಡೋಸ್‌ನಲ್ಲಷ್ಟೇ ನಡೆಯುವ ಹಳೆಯ ತಂತ್ರಾಂಶಗಳು ಬಳಕೆಯಲ್ಲಿದ್ದರೆ ಅದನ್ನೂ ವಿಚಾರಿಸಿಕೊಳ್ಳಿ. ಸ್ನಾಪ್‌ಡ್ರಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬೇಡ. ಅವುಗಳಿಗೆ ಆರ್‌ನ ಬೆಂಬಲ 2024ರ 4.4.0 ಆವೃತ್ತಿಯಲ್ಲಿ ಪ್ರಾಯೋಗಿಕವೆಂದು ಶುರುವಾದದ್ದು, ಪಿಎಚ್.ಡಿ.ಯ ನಡುವೆ ಪ್ಯಾಕೇಜುಗಳೊಂದಿಗೆ ಜಗಳವಾಡುವ ಬಿಡುವು ನಿಮಗಿರುವುದಿಲ್ಲ.

ಬಳಸಿದ ಯಂತ್ರಗಳನ್ನು ನವೀಕರಿಸಿ ಮಾರುವವರಲ್ಲಿ, ಕಚೇರಿಗಳಿಗಾಗಿ ತಯಾರಾದ 14 ಇಂಚಿನ ಲ್ಯಾಪ್‌ಟಾಪ್‌ಗಳು ನಿಮ್ಮ ಬಜೆಟ್ಟಿನ ಅರ್ಧಕ್ಕೂ ಸಿಗುತ್ತವೆ. ಅವುಗಳ ಕೀಲಿಮಣೆ ಚೆನ್ನಾಗಿರುತ್ತದೆ, ಬಿಡಿಭಾಗ ಸಿಗುತ್ತದೆ, ಹಲವದರಲ್ಲಿ ಎರಡು ಸ್ಲಾಟ್ ಇರುತ್ತವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವಿಂಡೋಸ್ 11ಕ್ಕೆ ಅರ್ಹವಾದದ್ದನ್ನೇ ನೋಡಬೇಕು. ಇಂಟೆಲ್‌ನಲ್ಲಿ ಅದು ಎಂಟನೇ ಪೀಳಿಗೆಯಿಂದ ಮೇಲೆ, ಆದರೆ ಕೊಳ್ಳುವುದಾದರೆ ಹನ್ನೆರಡನೆಯದಕ್ಕಿಂತ ಕೆಳಗೆ ಇಳಿಯಬೇಡಿ. ಬ್ಯಾಟರಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೊಸದಾಗಲಿ ಹಳೆಯದಾಗಲಿ, ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ಪಡೆಯಿರಿ. ಪೆನ್ ಡ್ರೈವ್‌ನಲ್ಲಿ ಆರ್‌ನ ಅನುಸ್ಥಾಪನಾ ಕಡತವನ್ನು ಒಯ್ದು, ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಹಾಕಲು ಒಪ್ಪಿದರೆ, 3,000ಕ್ಕೆ 3,000ದ ಯಾದೃಚ್ಛಿಕ ಮಾತೃಕೆಯನ್ನು ಸೃಷ್ಟಿಸಿ ಅದರ ವಿಲೋಮ ತೆಗೆಯುವ ಕೆಲಸವನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸುತ್ತಿನ ಸಮಯವನ್ನು ಸಿಸ್ಟಮ್‌ಟೈಮ್ ಆಜ್ಞೆಯಿಂದ ಬರೆದುಕೊಳ್ಳಿ. ಮೊದಲ ಸುತ್ತಿನ ಸಮಯ ಮುಖ್ಯವಲ್ಲ. ಕೊನೆಯ ಸುತ್ತು ಮೊದಲನೆಯದಕ್ಕಿಂತ ಎಷ್ಟು ನಿಧಾನ ಎಂಬುದು ಮುಖ್ಯ, ಏಕೆಂದರೆ ಅದು ಯಂತ್ರ ಕಾದಾಗ ಎಷ್ಟು ಬಾಗುತ್ತದೆ ಎಂಬುದನ್ನು ತೋರಿಸುತ್ತದೆ. ಹವಾನಿಯಂತ್ರಿತ ಅಂಗಡಿಯಲ್ಲೇ ಬಾಗುವ ಯಂತ್ರ ಏಪ್ರಿಲ್ ತಿಂಗಳ ನಿಮ್ಮ ಕೋಣೆಯಲ್ಲಿ ಇನ್ನಷ್ಟು ಬಾಗುತ್ತದೆ. ಚಾರ್ಜರ್ ಕಿತ್ತು ಒಂದೆರಡು ಸುತ್ತು ಓಡಿಸುವುದನ್ನೂ ಮರೆಯಬೇಡಿ. ಬ್ಯಾಟರಿಯಲ್ಲಿ ಓಡುವಾಗ ವೇಗವನ್ನು ತೀರ ಇಳಿಸಿಕೊಳ್ಳುವ ಯಂತ್ರಗಳಿವೆ.

ಪರದೆ 14 ಇಂಚಿನದಾಗಿ, 1920ಕ್ಕೆ 1200 ಬಿಂದುಗಳದ್ದಾದರೆ ಆರ್‌ಸ್ಟುಡಿಯೋದ ನಾಲ್ಕು ಕಿಟಕಿಗಳು ಉಸಿರಾಡುತ್ತವೆ. 512 ಜಿಬಿಯ ಎಸ್‌ಎಸ್‌ಡಿ ಸಾಕು. ಇವೆರಡರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕನ್ನಡದಲ್ಲಿ ಊರುಗಳ, ತಳಿಗಳ ಹೆಸರನ್ನು ಬರೆದಿಡುವ ಅಭ್ಯಾಸ ನಿಮಗಿದ್ದರೆ ಇನ್ನೊಂದು ಮಾತು. 2022ರ ಏಪ್ರಿಲ್‌ನಲ್ಲಿ ಬಂದ ಆರ್ 4.2.0ಕ್ಕಿಂತ ಮೊದಲು ವಿಂಡೋಸ್‌ನಲ್ಲಿ ಕನ್ನಡ ಅಕ್ಷರಗಳ ಬದಲು ಅವುಗಳ ಯೂನಿಕೋಡ್ ಸಂಖ್ಯೆಗಳು ಕಾಣಿಸಿಕೊಳ್ಳುವ ಕಾಟವಿತ್ತು; ಆ ಆವೃತ್ತಿಯಿಂದ, ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬರೆದಿಡಬಲ್ಲ ಯುಟಿಎಫ್-8 ಮೂಲ ಸಂಕೇತವಾದ್ದರಿಂದ ಅದು ಬಹುಮಟ್ಟಿಗೆ ತೀರಿದೆ. ನಕ್ಷೆಗಳಲ್ಲಿ ಒತ್ತಕ್ಷರ ಒಡೆದು ಬಂದರೆ ರ‍್ಯಾಗ್ ಪ್ಯಾಕೇಜಿನ ಮೂಲಕ ಚಿತ್ರವನ್ನು ಉಳಿಸಿ. ಆದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬಳಕೆದಾರರ ಹೆಸರನ್ನು ಮಾತ್ರ ಕನ್ನಡದಲ್ಲಾಗಲಿ ಜಾಗ ಬಿಟ್ಟಾಗಲಿ ಇಡಬೇಡಿ. ಪ್ಯಾಕೇಜುಗಳನ್ನು ಕಂಪೈಲ್ ಮಾಡುವಾಗ ಕಡತದ ದಾರಿಯಲ್ಲಿ ಬರುವ ಅಂಥ ಹೆಸರುಗಳಿಂದ ವಿಚಿತ್ರ ದೋಷಗಳು ಹುಟ್ಟುತ್ತವೆ, ಕಾರಣ ಹುಡುಕಲು ಒಂದು ವಾರ ಹಿಡಿಯಬಹುದು.

ಇಷ್ಟೆಲ್ಲ ಹೇಳಿದ ಮೇಲೂ ದುಡ್ಡು ಕೊಡುವ ಮೊದಲು ನಿಮ್ಮ ಹಳೆಯ ಯಂತ್ರದ ಟಾಸ್ಕ್ ಮ್ಯಾನೇಜರ್ ತೆರೆದು ಸ್ಲಾಟ್‌ಗಳನ್ನು ಎಣಿಸಿ ನೋಡಿ. ಎಂಟನೇ ಪೀಳಿಗೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಸ್ಲಾಟ್ ಖಾಲಿ ಇರುತ್ತದೆ. ಇದ್ದರೆ, ತಯಾರಕರ ಜಾಲತಾಣದಲ್ಲಿ ಆ ಮಾದರಿಗೆ ಎಷ್ಟರವರೆಗೆ ಹಾಕಬಹುದು ಎಂಬುದನ್ನು ಖಚಿತಪಡಿಸಿಕೊಂಡು, ಅದಕ್ಕೆ ಹೊಂದುವ 8 ಅಥವಾ 16 ಜಿಬಿಯ ಮೆಮೊರಿ ಪಟ್ಟಿಯೊಂದನ್ನು ಹಾಕಿಸಿ, ಪ್ರಕ್ರಿಯೆಗಳನ್ನು ಮೂರಕ್ಕೆ ಇಳಿಸಿ, 420 ತಳಿಗಳ ಕೆಲಸವನ್ನು ಅದರಲ್ಲೇ ಮುಗಿಸಿ. 5,000 ತಳಿಗಳ ದತ್ತಾಂಶ ನಿಜವಾಗಿ ಕೈಗೆ ಬಂದ ದಿನ ಅದನ್ನು ಓದಿಸಿ, ಜಿಸಿ ಆಜ್ಞೆಯಿಂದ ಗರಿಷ್ಠ ಬಳಕೆಯನ್ನು ನೋಡಿ. 70 ಸಾವಿರವನ್ನು ಯಾವುದಕ್ಕೆ ಹಾಕಬೇಕೆಂಬುದನ್ನು ಆ ಸಂಖ್ಯೆ ನನಗಿಂತ ಖಚಿತವಾಗಿ ಹೇಳುತ್ತದೆ.